ಗಾಡಿ ಹೊರಟಿದೆ

ರೇವಣ್ಣ ಕುಸಿದಾಗ ಗಿರಣಿಯ ಬೆಲ್ಟು ಇನ್ನೂ ತಿರುಗುತ್ತಲೇ ಇತ್ತು. ಬೆಳಗಿನ ಹನ್ನೊಂದು ಗಂಟೆ. ಹಿಂದಿನ ಕೋಣೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಸರ್ವಮಂಗಳಾಗೆ ಮೊದಲು ಕೇಳಿಸಿದ್ದು ಗಂಡ ಬಿದ್ದ ಸದ್ದಲ್ಲ, ಕಾಳು ತೀರಿ ಕಲ್ಲಿಗೆ ಕಲ್ಲು ಉಜ್ಜುವ ಸದ್ದು. ಇಪ್ಪತ್ತು ವರ್ಷದಲ್ಲಿ ರೇವಣ್ಣ ಒಂದು ದಿನವೂ ಕಲ್ಲನ್ನು ಹಾಗೆ ಬರಿದಾಗಿ ತಿರುಗಲು ಬಿಟ್ಟವನಲ್ಲ. ಓಡಿ ಬಂದು ನೋಡಿದರೆ ಮೈಯೆಲ್ಲ ರಾಗಿಹಿಟ್ಟು ಮೆತ್ತಿಕೊಂಡು ಅಂಗಾತ ಬಿದ್ದಿದ್ದ. ಬಾಯಿ ತೆರೆದಿತ್ತು. ಗಂಟಲಿನಿಂದ ಆಗೊಮ್ಮೆ ಈಗೊಮ್ಮೆ ಗೊರ್ ಎಂದು ಉಸಿರು ಬರುತ್ತಿತ್ತು.

ಮೋಟಾರು ಆರಿಸಿ ಜೀವವಾಣಿಗೆ ಫೋನು ಮಾಡಿದಳು. ಜಿಲ್ಲೆಯ ಯಾವ ಮೂಲೆಯಿಂದ ತುರ್ತು ಕರೆ ಮಾಡಿದರೂ ಅದು ಜಿಲ್ಲಾ ಕೇಂದ್ರದಲ್ಲಿದ್ದ ಜೀವವಾಣಿ ಕಚೇರಿಗೇ ಹೋಗುತ್ತಿತ್ತು. ಆಂಬುಲೆನ್ಸ್ ಗಾಡಿ ಕಳಿಸುವವರೂ ಅವರೇ. ಒಂದೇ ರಿಂಗಿಗೆ ಹೆಂಗಸೊಬ್ಬಳು ಎತ್ತಿಕೊಂಡಳು.

"ಫೋನನ್ನ ಅವರ ಬಾಯಿ ಹತ್ರ ಹಿಡೀರಿ ಅಮ್ಮ," ಎಂದಳು. ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿದ್ದಳು. ಆಮೇಲೆ, "ಗಾಡಿ ಹೊರಟಿದೆ. ಎರಡೂ ಕೈ ಸೇರಿಸಿ ಎದೆ ಮಧ್ಯ ಒತ್ತಿ. ಗಟ್ಟಿಯಾಗಿ ಒತ್ತಿ. ನಾನು ಎಣಿಸ್ತೀನಿ, ನೀವೂ ಜೊತೇಲಿ ಎಣಿಸಿ."

ಸರ್ವಮಂಗಳಾ ಒತ್ತಿದಳು. ಹಿಟ್ಟಿಗೆ ಬಂದವರು ಸುತ್ತ ನಿಂತಿದ್ದರು. ಎದುರಿನ ಸ್ಟ್ಯಾಂಡಿನ ಬಾಷಾ ತನ್ನ ಲಗೇಜ್ ಆಟೊವನ್ನು ತಿರುಗಿಸಿ ಗಿರಣಿಯ ಬಾಗಿಲಿಗೇ ತಂದು ನಿಲ್ಲಿಸಿದ. "ಎತ್ತಾಕ್ಕೊಂಡು ಹೋಗಿಬಿಡಣ ಮಂಗಳಕ್ಕ, ಆಸ್ಪತ್ರೆ ಐದು ನಿಮಿಷದ ದಾರಿ," ಎಂದು ಎರಡು ಸಲ ಕೇಳಿದ.

"ಗಾಡಿ ಬರ್ತಿದೆ ಅಂತಿದ್ದಾರೆ, ತಾಳಪ್ಪ," ಎಂದಳು ಅವಳು. ಫೋನಿನ ದನಿಯೂ ಅದನ್ನೇ ಹೇಳುತ್ತಿತ್ತು. ಬರ್ತಿದೆ ಅಮ್ಮ, ನಿಲ್ಲಿಸಬೇಡಿ, ಹದಿನೇಳು, ಹದಿನೆಂಟು. ಕೈಬಳೆ ಒಡೆದು ಮಣಿಕಟ್ಟಿನಿಂದ ರಕ್ತ ಸೋರಿ ರೇವಣ್ಣನ ಬನಿಯನ್ನಿನ ಮೇಲೆ ಹಿಟ್ಟಿನೊಂದಿಗೆ ಕಲಸಿಹೋಯಿತು. ಇಪ್ಪತ್ತಾರು ನಿಮಿಷ ಒತ್ತಿದಳು. ಕೊನೆಗೆ ರೇವಣ್ಣನ ಅಕ್ಕ ಚನ್ನಬಸಮ್ಮ ಬಂದು ಅವಳ ಭುಜ ಹಿಡಿದು ಹಿಂದಕ್ಕೆ ಎಳೆದಳು. "ಸಾಕು ಬಿಡವ್ವ. ಮೈ ತಣ್ಣಗಾಗೈತೆ."

ಗಾಡಿ ಬಂದದ್ದು ನಲವತ್ತನೇ ನಿಮಿಷಕ್ಕೆ. ಡ್ರೈವರು ತಲೆ ತಗ್ಗಿಸಿ ನಿಂತ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದ್ದಕ್ಕೆ, "ಎಲ್ಲಿಗೂ ಇಲ್ಲ ಅಕ್ಕ," ಎಂದ. "ಹೊರಟು ಸರ್ಕಲ್‌ವರೆಗೆ ಬಂದಿದ್ವಿ. ವಾಪಸ್ ಹೋಗು ಅಂತ ಬಂತು. ಆಸ್ಪತ್ರೆ ಗೇಟಲ್ಲೇ ನಿಂತಿದ್ವಿ."

ಆ ಮಾತು ಸರ್ವಮಂಗಳಾಳ ಎದೆಯಲ್ಲಿ ಮುಳ್ಳಿನಂತೆ ಮುರಿದು ಉಳಿಯಿತು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮರುದಿನ ಅವಳು ದೂರು ಕೊಟ್ಟಳು. ಜೀವವಾಣಿಗೆ ಸಿಬ್ಬಂದಿಯ ದುರ್ನಡತೆಯ ಬಗ್ಗೆ ಫೋನಿನಲ್ಲೇ ದೂರು ಹೇಳಬಹುದಿತ್ತು. ಯಂತ್ರದ ದನಿಯೊಂದು ಸಿಬ್ಬಂದಿಯ ಹೆಸರು ಕೇಳಿತು, ಗೊತ್ತಿಲ್ಲ ಎಂದಳು. ಕರೆ ಮಾಡಿದ ದಿನ, ಹೊತ್ತು ಕೇಳಿತು, ಹೇಳಿದಳು. ಏನು ತಪ್ಪು ಮಾಡಿದರು ಎಂದು ಕೇಳಿತು.

"ಸುಳ್ಳು ಹೇಳಿದಳು," ಎಂದಳು. "ಗಾಡಿ ಬರಲ್ಲ ಅಂದಿದ್ರೆ ಬಾಷಾನ ಆಟೋದಲ್ಲಿ ಹಾಕ್ಕೊಂಡು ಹೋಗ್ತಿದ್ದೆ. ಬಾಗಿಲಲ್ಲೇ ನಿಂತಿತ್ತು ಆಟೊ. ಅವಳ ಮಾತು ನಂಬಿ ಕೂತೆ."

ಚನ್ನಬಸಮ್ಮ ಒಲೆ ಮುಂದೆ ಕೂತು ಕೇಳಿಸಿಕೊಳ್ಳುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೇ ಬಂದು ನೆಲೆಸಿದ್ದವಳು. ವರ್ಷಗಟ್ಟಲೆ ಹಿಟ್ಟಿನ ದೂಳು ಕುಡಿದು ಉಬ್ಬಸ ಹತ್ತಿತ್ತು. "ಹೋದೋನು ಬರಕಿಲ್ಲ," ಎಂದಳು. "ಆದ್ರೂ ಹೇಳಿದ್ದು ಒಳ್ಳೇದಾತು. ನಾಳೆ ಇನ್ನೊಬ್ಬಳು ಹಿಂಗೆ ಕೂರಬಾರದು."

ಸರ್ಕಾರದ ದೂರು ಎಂದರೆ ಆರು ತಿಂಗಳು ಎಲ್ಲೋ ದೂಳು ತಿನ್ನುತ್ತದೆ ಎಂದುಕೊಂಡಿದ್ದರು ಇಬ್ಬರೂ. ಮೂರನೇ ದಿನಕ್ಕೇ ಗಿರಣಿಯ ಮುಂದೆ ಜೀಪು ಬಂದು ನಿಂತಿತು. ಇಳಿದವರು ಜಯತೀರ್ಥ ಎಂಬ ವಿಚಾರಣಾಧಿಕಾರಿ. ಐವತ್ತರ ಆಸುಪಾಸಿನ ಮೆದು ಮಾತಿನ ಮನುಷ್ಯ. ದೂರನ್ನು ಅಚ್ಚುಕಟ್ಟಾಗಿ ಟೈಪು ಮಾಡಿಸಿಕೊಂಡೇ ತಂದಿದ್ದರು.

"ಇಷ್ಟು ಸ್ಪಷ್ಟವಾದ ದೂರು ನಮಗೆ ಬಂದೇ ಇರಲಿಲ್ಲ ತಾಯಿ," ಎಂದರು. "ಸೋಮವಾರ ವಿಚಾರಣೆ. ಗಾಡಿ ಕಳಿಸ್ತೀವಿ, ಬನ್ನಿ."

ಆ ಆತುರ ಸರ್ವಮಂಗಳಾಗೆ ಯಾಕೋ ಸರಿ ಕಾಣಲಿಲ್ಲ. ಆದರೂ ಒಪ್ಪಿಕೊಂಡಳು.

ಜೀವವಾಣಿಯ ಕಚೇರಿ ಮೂರನೇ ಮಹಡಿಯಲ್ಲಿತ್ತು. ಹೊರಗೆ ಬಿಸಿಲು ನಲವತ್ತೈದು ಡಿಗ್ರಿ ದಾಟಿದ್ದರೂ ಒಳಗೆ ಮೈ ಕೊರೆಯುವ ಚಳಿ. ಮೂವತ್ತು ಮೇಜುಗಳಿದ್ದವು, ಕೂತಿದ್ದವರು ಒಂಬತ್ತೇ ಜನ. ಎದುರಿನ ಗೋಡೆಯ ತುಂಬ ಜಿಲ್ಲೆಯ ನಕ್ಷೆ. ಎಲ್ಲಿಂದಲೋ ಕರೆ ಬಂದಾಗ ನಕ್ಷೆಯ ಮೇಲೆ ಒಂದು ಚುಕ್ಕೆ ಮಿನುಗುತ್ತಿತ್ತು. ತುಸು ಹೊತ್ತಿಗೆ ಅದರ ಪಕ್ಕ ಒಂದು ಅಂಕಿ ಮೂಡುತ್ತಿತ್ತು. ಎಪ್ಪತ್ತೊಂದು. ನಲವತ್ತು. ಹನ್ನೆರಡು.

"ಇದೇನು, ಮಾರ್ಕ್ಸಾ?" ಎಂದು ಕೇಳಿದಳು.

ಜಯತೀರ್ಥ ವಿವರಿಸಿದರು. ಬಿರುಬೇಸಿಗೆಗಳು ಶುರುವಾದ ಮೇಲೆ ಕರೆಗಳು ಮೂರು ಪಟ್ಟಾದವು, ಗಾಡಿಗಳು ಆಗಲಿಲ್ಲ. ಅವಳ ತಾಲ್ಲೂಕಿಗೆಲ್ಲ ಎರಡೇ ಗಾಡಿ. ಹಾಗಾಗಿ ಶ್ರವಣ ಎಂಬ ಯಂತ್ರ ತಂದರು. ಅದು ಫೋನಿನಲ್ಲಿ ರೋಗಿಯ ಉಸಿರಿನ ಸದ್ದು ಕೇಳುತ್ತದೆ, ಮಾತಾಡುವವರ ಗಂಟಲು ಕೇಳುತ್ತದೆ, ಹಿಂದಿನ ಗದ್ದಲ ಕೇಳುತ್ತದೆ, ದಾರಿ ಲೆಕ್ಕ ಹಾಕುತ್ತದೆ. ಲಕ್ಷಾಂತರ ಹಳೆಯ ಕರೆಗಳ ಜೊತೆ ಹೋಲಿಸಿ ಒಂದು ಅಂಕಿ ಕೊಡುತ್ತದೆ. ಗಾಡಿ ಹೋದರೆ ಇಂಥ ನೂರು ಜನರಲ್ಲಿ ಎಷ್ಟು ಜನ ಉಳಿಯುತ್ತಾರೆ ಎಂಬ ಅಂಕಿ.

"ಐದಕ್ಕಿಂತ ಕಮ್ಮಿ ಬಂದರೆ ಕೊನೇ ಗಾಡಿ ಕಳಿಸಲ್ಲ. ಉಳಿಯೋ ಜೀವ ಯಾವುದಾದರೂ ಕರೆದೀತು ಅಂತ ಇಟ್ಟುಕೊಂಡಿರ್ತೀವಿ."

"ನಮ್ಮನೆಯವರಿಗೆ ಎಷ್ಟು ಬಂತು?"

"ಮೂರು."

ಸರ್ವಮಂಗಳಾ ಆ ಅಂಕಿಯನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಿದಳು. "ಹಂಗಾದ್ರೆ ನೂರರಲ್ಲಿ ಮೂರು ಜನ ಬದುಕ್ತಾರೆ ಅಂತ ತಾನೆ ಸ್ವಾಮಿ?"

ಜಯತೀರ್ಥ ಕಡತದ ಹಾಳೆ ಮಗುಚಿದರು.

ವಿಚಾರಣೆಯ ಕೋಣೆಗೆ, ಅಂದು ಫೋನೆತ್ತಿದ್ದ ಶಶಿರೇಖಾ ಬಂದಳು. ದನಿ ಕೇಳಿ ಸರ್ವಮಂಗಳಾ ದಪ್ಪಗಿನ ವಯಸ್ಸಾದ ಹೆಂಗಸನ್ನು ಊಹಿಸಿಕೊಂಡಿದ್ದಳು. ಇವಳು ತೆಳ್ಳಗಿದ್ದಳು, ಮೂವತ್ತೈದು ದಾಟಿರಲಿಕ್ಕಿಲ್ಲ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಕೈ ಮುಗಿದು ಎದುರಿನ ಕುರ್ಚಿಯಲ್ಲಿ ಕೂತಳು.

ಕರೆಯ ಧ್ವನಿಮುದ್ರಿಕೆ ಹಾಕಿದರು. ಗಂಡನ ಗೊರಗೊರ ಉಸಿರನ್ನು ಸರ್ವಮಂಗಳಾ ಎರಡನೇ ಸಲ ಕೇಳಬೇಕಾಯಿತು. ಪಕ್ಕದ ಪರದೆಯಲ್ಲಿ ಶಶಿರೇಖಾ ಆಗ ಒತ್ತಿದ ಗುಂಡಿಗಳ ದಾಖಲೆ ಓಡುತ್ತಿತ್ತು. ಅಂಕಿ ಮೂರು ಎಂದು ಬಂದ ಕೂಡಲೇ ಅವಳು ಶ್ರವಣದ ಮಾತು ಮೀರಿ ಗಾಡಿ ಕಳಿಸಿದ್ದಳು. ಅಷ್ಟು ಅಧಿಕಾರ ಸಿಬ್ಬಂದಿಗಿತ್ತು. ಮೂರನೇ ನಿಮಿಷದಲ್ಲಿ ಶ್ರವಣ ಉಸಿರನ್ನು ಇನ್ನೊಮ್ಮೆ ಕೇಳಿ ಅಂಕಿಯನ್ನು ಒಂದಕ್ಕೆ ಇಳಿಸಿತು, ಗಾಡಿಯನ್ನು ಹಿಂದಕ್ಕೆ ಕರೆಯಿತು. ಶಶಿರೇಖಾ ಮತ್ತೆ ಕಳಿಸಲು ಒತ್ತಿದ್ದಳು. ಒಂದು ಕರೆಗೆ ಒಂದೇ ಸಲ ಮೀರಬಹುದು ಎಂದು ಯಂತ್ರ ತಿರಸ್ಕರಿಸಿತ್ತು. ಆದರೂ ಐದು ಸಲ ಒತ್ತಿದ್ದಳು. ಅಷ್ಟೂ ಹೊತ್ತು ಅವಳ ಬಾಯಿ ಮಾತ್ರ, ಬರ್ತಿದೆ ಅಮ್ಮ, ನಿಲ್ಲಿಸಬೇಡಿ ಎನ್ನುತ್ತಲೇ ಇತ್ತು.

"ಗಾಡಿ ವಾಪಸ್ ಹೋದದ್ದು ನಿಮಗೆ ಗೊತ್ತಿತ್ತು?" ಜಯತೀರ್ಥ ಕೇಳಿದರು.

"ಗೊತ್ತಿತ್ತು ಸಾರ್."

"ಆಮೇಲೂ ಬರ್ತಿದೆ ಅಂತ ಹೇಳಿದ್ರಿ."

"ಹೇಳಿದೆ." ಶಶಿರೇಖಾ ಅವರತ್ತ ನೋಡದೆ ಸರ್ವಮಂಗಳಾಳ ಕಡೆ ತಿರುಗಿದಳು. "ಬರಲ್ಲ ಅಂದರೆ ನೀವು ಕೈ ಬಿಡ್ತೀರಿ ಅನ್ಕೊಂಡೆ ಅಮ್ಮ. ಒತ್ತುತ್ತಾ ಇದ್ದರೆ ಅಂಕಿ ಮೇಲೆ ಬರುತ್ತೆ, ಗಾಡಿ ಮತ್ತೆ ಹೊರಡುತ್ತೆ ಅಂತ ಆಸೆ ಇತ್ತು. ಬೇರೆ ಗಾಡಿ ಏನಾದರೂ ಇದೆಯಾ ಅಂತ ನಿಮ್ಮನ್ನ ಕೇಳಬೇಕಿತ್ತು. ಕೇಳಲಿಲ್ಲ. ಅದು ನನ್ನ ತಪ್ಪು."

ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು ಸರ್ವಮಂಗಳಾ. ಒಂದೂ ನೆನಪಾಗಲಿಲ್ಲ. ಹಾಗೆಂದು ಸಿಟ್ಟೂ ಇಳಿಯಲಿಲ್ಲ.

ವಿಚಾರಣೆ ಮುಗಿದ ಮೇಲೆ ಮೊಗಸಾಲೆಯಲ್ಲಿ ನೀರಿನ ಫಿಲ್ಟರಿನ ಹತ್ತಿರ ಇಬ್ಬರೂ ಎದುರಾದರು. ಶಶಿರೇಖಾ ಲೋಟ ತುಂಬಿ ಅವಳಿಗೇ ಕೊಟ್ಟಳು.

"ಅರವತ್ತೊಂದು ಸಲ ಅದರ ಮಾತು ಮೀರಿದೀನಿ ಅಮ್ಮ," ಎಂದಳು ಮೆಲ್ಲಗೆ. "ಹದಿನಾಲ್ಕು ಜನ ಬದುಕಿದ್ದಾರೆ. ಇಲ್ಲಿ ಕೂತಿರೋರಲ್ಲಿ ಈಗ ಮೀರೋಳು ನಾನೊಬ್ಬಳೇ. ಮೀರೋದು ನಿಯಮದಲ್ಲಿ ತಪ್ಪಲ್ಲ, ಅದಕ್ಕೆ ನನ್ನ ತೆಗೆಯೋಕೆ ಆಗ್ತಿರಲಿಲ್ಲ. ಕರೆದವರಿಗೆ ಸುಳ್ಳು ಹೇಳೋದು ತಪ್ಪು."

ಜಯತೀರ್ಥ ಯಾಕೆ ಮೂರೇ ದಿನಕ್ಕೆ ಜೀಪು ಹತ್ತಿ ಬಂದರೆಂದು ಸರ್ವಮಂಗಳಾಗೆ ಆಗ ಅರ್ಥವಾಯಿತು.

"ಹಂಗಾದ್ರೆ ದೂರು ವಾಪಸ್ ತಗೊಳ್ಳಲಾ?"

"ನಾನು ಹೇಗೆ ಹೇಳಲಿ? ನಿಮ್ಮ ಯಜಮಾನರು." ಶಶಿರೇಖಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಗಾಡಿ ವಾಪಸ್ ಕರೆದದ್ದು ಯಾರು ಅನ್ನೋದನ್ನೂ ಸೇರಿಸಿ. ಅಷ್ಟು ಸಾಕು."

ಸರ್ವಮಂಗಳಾ ತಿರುಗಿ ಹೋಗಿ ಹಾಗೆಯೇ ಕೇಳಿದಳು. ಜಯತೀರ್ಥ ಅರ್ಜಿಯನ್ನು ಅವಳ ಮುಂದೆ ಸರಿಸಿದರು. ದುರ್ನಡತೆ ಎಸಗಿದ ಸಿಬ್ಬಂದಿಯ ಹೆಸರು ಎಂಬ ಕಾಲಂ ಇತ್ತು. ಯಂತ್ರಕ್ಕೆ ಕಾಲಂ ಇರಲಿಲ್ಲ. "ದೂರು ಅಂಗೀಕಾರ ಆಗಿದೆ ತಾಯಿ. ಇನ್ನು ತಿದ್ದೋಕೂ ಬರಲ್ಲ, ತೆಗೆಯೋಕೂ ಬರಲ್ಲ," ಎಂದರು.

"ನಾನು ಸಹಿ ಹಾಕದೇ ಇದ್ರೆ?"

"ಅಂದು ಫೋನಲ್ಲಿ ಹೇಳಿದಿರಲ್ಲ, ನಿಮ್ಮ ದನಿಯನ್ನೇ ಶ್ರವಣ ಪರಿಶೀಲಿಸಿದೆ. ನಿಜ ಹೇಳ್ತಿದ್ದೀರಿ ಅಂತ ತೊಂಬತ್ತೇಳು ಕೊಟ್ಟಿದೆ. ಸಹಿ ಬೇಕಾಗಿಲ್ಲ."

ತಿಂಗಳೊಳಗೆ ಆದೇಶದ ಪ್ರತಿ ಅಂಚೆಯಲ್ಲಿ ಬಂತು. ಚನ್ನಬಸಮ್ಮ ಓದಿಸಿಕೊಂಡಳು. ಆರೋಪ ಸಾಬೀತಾಗಿದೆ, ಶಶಿರೇಖಾಳನ್ನು ಸೇವೆಯಿಂದ ವಜಾ ಮಾಡಲಾಗಿದೆ ಎಂದು ಮೊದಲು ಇತ್ತು. ಮನುಷ್ಯರ ಸುಳ್ಳಿಗೆ ಆಸ್ಪದವಿಲ್ಲದಂತೆ ಇನ್ನು ಮುಂದೆ ಎಲ್ಲ ಕರೆಗಳನ್ನೂ ಶ್ರವಣವೇ ನೇರವಾಗಿ ಸ್ವೀಕರಿಸುತ್ತದೆ ಎಂದು ಆಮೇಲೆ ಇತ್ತು. ಕೊನೆಯ ಸಾಲುಗಳನ್ನು ಸರ್ವಮಂಗಳಾ ಎರಡು ಸಲ ಓದಿದಳು. ಈ ಪ್ರಕರಣದಲ್ಲಿ ಕರೆ ಮಾಡಿದವರು ಇಪ್ಪತ್ತಾರು ನಿಮಿಷ ಬಿಡದೆ ಎದೆ ಒತ್ತಿದ್ದಾರೆ, ಇಂಥ ಕರೆಗಳಲ್ಲಿ ಸರಾಸರಿ ಏಳು ನಿಮಿಷ. ಗಾಡಿ ಬರುತ್ತಿದೆ ಎಂಬ ಭರವಸೆಯಿಂದ ಜನರ ಪ್ರಯತ್ನ ಹೆಚ್ಚುವುದು ಕಂಡುಬಂದಿದೆ. ಸೂಕ್ತ ಬಳಕೆಗಾಗಿ ಈ ಅಂಶವನ್ನು ತಾಂತ್ರಿಕ ವಿಭಾಗಕ್ಕೆ ಕಳುಹಿಸಲಾಗಿದೆ.

"ಹಂಗಂದ್ರೇನವ್ವ?" ಚನ್ನಬಸಮ್ಮ ಕೇಳಿದಳು.

"ಗೊತ್ತಾಗ್ತಿಲ್ಲ ಅತ್ತಿಗೆ," ಎಂದಳು. ಗೊತ್ತಾಗಿತ್ತು. ಬಾಯಿಬಿಟ್ಟು ಹೇಳಲು ಹೆದರಿಕೆಯಾಯಿತು.

ಗಿರಣಿಯೆಂದರೆ ಊರಿನ ಮಾತೆಲ್ಲ ಬಂದು ಬೀಳುವ ಜಾಗ. ಡಬ್ಬಿ ಸಾಲಿನಲ್ಲಿಟ್ಟು ಕಾಯುವ ಹೆಂಗಸರು ಒಬ್ಬೊಬ್ಬರಾಗಿ ಹೇಳತೊಡಗಿದರು. ಮಾವನಿಗೆ ಬಿಸಿಲು ಬಡಿದಾಗ ಕರೆ ಮಾಡಿದೆ, ಗಾಡಿ ಹೊರಟಿದೆ ಅಂತು, ಹತ್ತೇ ನಿಮಿಷಕ್ಕೆ ಬಂತು ಎಂದಳು ಒಬ್ಬಳು. ನಮಗೂ ಹೊರಟಿದೆ ಅಂತು, ಮುಕ್ಕಾಲು ಗಂಟೆ ಕಾದ್ವಿ, ಬಂದಿದ್ದು ಹೆಣ ಒಯ್ಯೋಕೆ ಎಂದಳು ಇನ್ನೊಬ್ಬಳು. ಹೊರಟಿಲ್ಲ ಎಂದು ಯಾರಿಗೂ ಹೇಳಿರಲಿಲ್ಲ. ದನಿ ಬಲು ಮೃದುವಂತೆ, ಸ್ವಂತ ಅಕ್ಕನ ಹಾಗೆ ಮಾತಾಡುತ್ತದಂತೆ. ಸರ್ವಮಂಗಳಾ ತಲೆ ಎತ್ತದೆ ಹಿಟ್ಟು ತುಂಬುತ್ತಿದ್ದಳು. ಶಶಿರೇಖಾಳನ್ನು ಹುಡುಕಿ ಮಾತಾಡಿಸಬೇಕೆಂದು ಜೀವವಾಣಿಯಿಂದ ಅವಳ ನಂಬರು ಕೇಳಿ ನೋಡಿದಳು. ಅಂಥ ಸಿಬ್ಬಂದಿ ನಮ್ಮಲ್ಲಿಲ್ಲ ಎಂದು ಅದೇ ಮೃದು ದನಿ ಹೇಳಿತು.

ಆಷಾಢದ ಗಾಳಿ ಎದ್ದಿತು. ಬಯಲಿನ ಕೆಂಪು ದೂಳೆಲ್ಲ ಊರಿನ ಮೇಲೆ ಬಂದು ಕವಿಯಿತು. ಒಂದು ಮಧ್ಯಾಹ್ನ ಮೂರು ಗಂಟೆಗೆ ಚನ್ನಬಸಮ್ಮನಿಗೆ ಉಸಿರು ಕಟ್ಟಿತು. ಎಂದಿನ ಉಬ್ಬಸದ ಪಂಪು ಹೊಡೆದರೂ ಇಳಿಯಲಿಲ್ಲ. ಗೋಡೆಗೆ ಒರಗಿ ಕೂತು ಕತ್ತಿನ ನರ ಬಿಗಿದು ಗಾಳಿ ಎಳೆಯುತ್ತಿದ್ದಳು, ತುಟಿ ನೀಲಿಗಟ್ಟುತ್ತಿತ್ತು. ಸರ್ವಮಂಗಳಾ ಕರೆ ಮಾಡಿದಳು.

"ಫೋನನ್ನ ಅವರ ಬಾಯಿ ಹತ್ರ ಹಿಡೀರಿ ಅಮ್ಮ," ಎಂದಿತು ದನಿ. ಅದು ಶಶಿರೇಖಾಳ ದನಿಯಲ್ಲ. ಆದರೆ ಅಮ್ಮ ಎನ್ನುವಾಗ ತುಸು ಎಳೆಯುವ ರೀತಿ ಅವಳದೇ. "ಗಾಡಿ ಹೊರಟಿದೆ. ಅವರನ್ನ ಮುಂದಕ್ಕೆ ಬಾಗಿಸಿ ಕೂರಿಸಿ."

"ನಿಜ ಹೇಳಿ. ಹೊರಟಿದೆಯಾ?"

"ಹೊರಟಿದೆ ಅಮ್ಮ. ಸರ್ಕಲ್ ದಾಟಿದೆ."

"ನಮ್ಮ ಅತ್ತಿಗೆಗೆ ಎಷ್ಟು ಅಂಕಿ ಬಂತು?"

"ಆ ಮಾಹಿತಿ ನನ್ನ ಹತ್ತಿರ ಇಲ್ಲ ಅಮ್ಮ. ಗಾಡಿ ಬರ್ತಿದೆ. ಅವರ ಬೆನ್ನು ನೀವಿ."

ಸರ್ವಮಂಗಳಾ ಬಾಗಿಲಿಗೆ ಬಂದು ಕಿವಿಗೊಟ್ಟಳು. ಗಾಳಿಯ ಭೋರ್ಗರೆತ ಬಿಟ್ಟರೆ ಏನೂ ಕೇಳಿಸಲಿಲ್ಲ. ಎರಡು ನಿಮಿಷ ನಿಂತಳು. ಒಳಗೆ ಚನ್ನಬಸಮ್ಮ ಕೈ ಚಾಚಿ ಹುಡುಕುತ್ತಿದ್ದಳು. ಇನ್ನೊಂದು ಹೆಣದ ಪಕ್ಕ ಇದೇ ಮಾತು ಕೇಳಿಕೊಂಡು ಕೂರುವುದು ತನ್ನಿಂದಾಗದು ಎನ್ನಿಸಿತು. ಫೋನನ್ನು ನೆಲದ ಮೇಲೆ ಬಿಟ್ಟು ಬಾಷಾನನ್ನು ಕೂಗಿದಳು.

ಇಬ್ಬರೂ ಸೇರಿ ಎತ್ತಿ ಆಟೋದ ಹಿಂದೆ ಗೋಣಿಚೀಲಗಳ ಮೇಲೆ ಮಲಗಿಸಿದರು. ಸರ್ವಮಂಗಳಾ ಅತ್ತಿಗೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಹುಣಸೆ ಮಂಡಿಯ ಹತ್ತಿರದ ಇಕ್ಕಟ್ಟಾದ ತಿರುವಿನಲ್ಲಿ ಎದುರಿನಿಂದ ಸೈರನ್ ಕೇಳಿಸಿತು.

ಗಾಡಿ ನಿಜಕ್ಕೂ ಬರುತ್ತಿತ್ತು.

ಬಾಷಾ ಹಾರನ್ ಒತ್ತಿ ಕೈ ಬೀಸಿದ. ಸರ್ವಮಂಗಳಾ ಎದ್ದು ನಿಂತು ಸೆರಗು ಬೀಸಿದಳು. ದೂಳಿನಲ್ಲಿ ಡ್ರೈವರಿಗೆ ಲಗೇಜ್ ಆಟೊ ಒಂದು ಪಕ್ಕಕ್ಕೆ ಸರಿದಂತೆ ಕಂಡಿರಬೇಕು. ಗಾಡಿ ಅವರನ್ನು ಉಜ್ಜುವಷ್ಟು ಹತ್ತಿರದಿಂದ ದಾಟಿ ಗಿರಣಿಯ ಕಡೆಗೆ ಹೊರಟುಹೋಯಿತು. ಆಟೊ ತಿರುಗಿಸಲು ಅಲ್ಲಿ ಜಾಗವಿರಲಿಲ್ಲ.

ಆಸ್ಪತ್ರೆಯಲ್ಲಿ ನರ್ಸ್ ಓಡಿ ಬಂದು ಚನ್ನಬಸಮ್ಮನ ಮುಖ ನೋಡಿ, "ನೀವೇ ಯಾಕೆ ತಂದ್ರಿ? ಆಕ್ಸಿಜನ್ ಹಾಕ್ಕೊಂಡೇ ಹೋಗಿದ್ರಲ್ಲ ನಿಮ್ಮನೆಗೆ," ಎಂದಳು. ಬೈದದ್ದಲ್ಲ, ತಿಳಿಯದೆ ಕೇಳಿದ್ದು. ಸರ್ವಮಂಗಳಾ ಬೆಂಚಿನ ಮೇಲೆ ಕೂತುಬಿಟ್ಟಳು.

ಚನ್ನಬಸಮ್ಮ ಉಳಿದಳು. ಆದರೆ ಮಿದುಳಿಗೆ ಗಾಳಿ ಸಾಲದೆ ಹೋದ ಹೊತ್ತು ತನ್ನ ಪಾಲು ಕಿತ್ತುಕೊಂಡಿತ್ತು. ಹೆಸರುಗಳು ಹೋದವು. ಸರ್ವಮಂಗಳಾಳನ್ನು ರೇವಣ್ಣ ಎಂದು ಕರೆಯತೊಡಗಿದಳು. ಅನ್ನ ಕಲಸಿ ಬಾಯಿಗಿಟ್ಟರೆ, "ನೀನು ಉಂಡ್ಯೇನೋ ರೇವಣ್ಣ?" ಎಂದು ಕೇಳುತ್ತಿದ್ದಳು. ಸರ್ವಮಂಗಳಾ "ಉಂಡೆ ಅಕ್ಕ" ಎನ್ನುತ್ತಿದ್ದಳು.

ಹದಿನೈದು ದಿನ ಕಳೆದು ಜಯತೀರ್ಥ ಫೋನು ಮಾಡಿದರು. ದನಿ ಮೊದಲಿನಷ್ಟೇ ಮೆದುವಾಗಿತ್ತು.

"ಗಾಡಿ ಬರೋ ಮೊದಲೇ ನೀವು ಜಾಗ ಬಿಟ್ಟಿದೀರಿ ತಾಯಿ. ಗಾಡಿ ಬರಿದೇ ಬಂದು ಹೋಯಿತು. ಅದು ನಿಮ್ಮ ನಂಬರಿನ ಮೇಲೆ ದಾಖಲಾಗಿದೆ. ಮುಂದೆ ನೀವು ಕರೆ ಮಾಡಿದಾಗ ಶ್ರವಣ ಅಂಕಿ ಕೊಡುವಾಗ ಅದನ್ನೂ ಗಮನಿಸುತ್ತೆ. ತಿಳಿಸೋದು ನನ್ನ ಕರ್ತವ್ಯ."

"ಎಷ್ಟು ಕಮ್ಮಿ ಮಾಡುತ್ತೆ?"

"ಅದು ನಮಗೂ ಗೊತ್ತಾಗಲ್ಲ."

"ಇದಕ್ಕೆ ನಾನು ಯಾರ ಮೇಲೆ ದೂರು ಕೊಡಲಿ ಸ್ವಾಮಿ?"

"ಅಲ್ಲಿ ಈಗ ಯಾರೂ ಕೂರಲ್ಲ ತಾಯಿ," ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ತಮ್ಮ ಮನೆಯಲ್ಲೂ ಎಂಬತ್ತು ದಾಟಿದ ತಾಯಿ ಇದ್ದಾರೆಂದು ಸೇರಿಸಿ ಫೋನಿಟ್ಟರು.

ಅಂದು ಸಂಜೆ ಪಕ್ಕದ ಮನೆಯ ಹನುಮಕ್ಕ ಜೋಳದ ಹಿಟ್ಟಿಗೆ ಬಂದಿದ್ದಳು. ಹದಿನೆಂಟು ವರ್ಷದ ನೆರೆ. ರೇವಣ್ಣ ಸತ್ತಾಗ ಮೂರು ದಿನ ಇವರ ಮನೆಗೆ ಅಡುಗೆ ಮಾಡಿ ತಂದವಳು. ಸರ್ವಮಂಗಳಾ ಮೋಟಾರು ಆರಿಸಿ, ನಡೆದದ್ದನ್ನೆಲ್ಲ ಹೇಳಿದಳು.

"ಅತ್ತಿಗೆಗೆ ಮತ್ತೆ ಏನಾದ್ರೂ ಆದ್ರೆ ನಿನ್ನ ಫೋನಿಂದ ಕರೆ ಮಾಡ್ತೀಯಾ ಹನುಮಕ್ಕ? ನನ್ನ ನಂಬರು ಕೆಟ್ಟೋಗಿದೆ."

ಹನುಮಕ್ಕ ಡಬ್ಬಿಯ ಕಂಠಕ್ಕೆ ಅಂಟಿದ್ದ ಹಿಟ್ಟನ್ನು ಬೆರಳಿನಿಂದ ಸವರುತ್ತಾ ನಿಂತಳು. ಸವರುವುದು ಮುಗಿದರೂ ತಲೆ ಎತ್ತಲಿಲ್ಲ.

"ಮಗಳು ಹೆರಿಗೆಗೆ ಬಂದವ್ಳೆ ಮಂಗಳಕ್ಕ," ಎಂದಳು. "ತಿಂಗಳು ತುಂಬೈತೆ. ನಮ್ಮನೇಲಿ ಇರೋದೂ ಅದೊಂದೇ ನಂಬರು."

ಸರ್ವಮಂಗಳಾ ಡಬ್ಬಿಗೆ ಮುಚ್ಚಳ ಹಾಕಿ ಅವಳ ಕೈಗೆ ಕೊಟ್ಟಳು. ಹನುಮಕ್ಕ ಬೇಗ ಬೇಗ ಮೆಟ್ಟಿಲಿಳಿದು, ಮುಂದಿನ ಮನೆಯ ಜಗಲಿಯಲ್ಲಿ ಕೂತವರಿಗೆ ಏನೋ ಹೇಳಿ ಹೋದಳು. ಆ ಬೀದಿಯಲ್ಲಿ ಇನ್ನೂ ಹನ್ನೊಂದು ಮನೆಗಳಿದ್ದವು. ಅತ್ತಿಗೆಯನ್ನು ಒಳಗೆ ಕೂರಿಸಿ, ಹೊರಗಿನಿಂದ ಬಾಗಿಲು ಎಳೆದುಕೊಂಡು, ಸರ್ವಮಂಗಳಾ ಮುಂದಿನ ಮನೆಯ ಕಡೆಗೆ ನಡೆದಳು. ಅವಳು ಬರುವುದನ್ನು ಕಂಡು ಆ ಮನೆಯವರು ಎದ್ದು ಒಳಗೆ ಹೋದರು.